ಬಿಟ್‌ಕಾಯಿನ್ ಜಾಲದಲ್ಲಿ ನಂಬತಕ್ಕ ನೆರೆಯವರು

2009ರಲ್ಲಿ ಹುಟ್ಟಿದ ಬಿಟ್‌ಕಾಯಿನ್ ಎಂಬ ನಾಣ್ಯದ ಮಾತು ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪೇಟೆಯ ವರೆಗೂ ಬಂದು ಮುಟ್ಟಿದ್ದರೆ ಆಶ್ಚರ್ಯವಿಲ್ಲ. ಒಡೆಯನಿಲ್ಲದ ನಾಣ್ಯವಿದು, ಇದರಲ್ಲಿ ಯಾರನ್ನೂ ನಂಬಬೇಕಾದ ಕಾರಣವಿಲ್ಲ ಎಂದು ಅದರ ಪಕ್ಷಪಾತಿಗಳು ಸಾರುತ್ತಿರುವರು. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬದನ್ನು, ಅರಭಾವಿಯ ರೈತನು ತನ್ನ ಕಬ್ಬಿನ ಬಿಲ್ಲಿನ ಹಣವನ್ನು ಅದರಲ್ಲಿ ತೊಡಗಿಸುವ ಮೊದಲೇ ವಿಚಾರಿಸುವದು ಅವಶ್ಯವಾಗಿದೆ.

ದೂರದ ಅಪರಿಚಿತನೊಡನೆ ಹಣದ ವ್ಯವಹಾರವು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಹಿಂದಿನ ಸಾಹುಕಾರರ ಶಾಹಜೋಗ ಹುಂಡಿಯ ಹಣವು ತಂದವನಿಗೆಲ್ಲ ಸಲ್ಲುತ್ತಿರಲಿಲ್ಲ. ಪೇಟೆಯಲ್ಲಿ ಪತ್ತುಳ್ಳ ‘ಶಾಹ’ನ ಕೈಯಿಂದ ಬಂದರೆ ಮಾತ್ರ ಸಲ್ಲುತ್ತಿತ್ತು. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಂಥ ಸಂಸ್ಥೆಯಲ್ಲಿಯೂ ಸದಸ್ಯನಾದವನಿಗೆ ಸಂಚಾಲಕರು ಯಾರೆಂಬದು ಗೊತ್ತಿರುತ್ತದೆ. ಲೆಕ್ಕ ತಪ್ಪಿದರೆ ಸಭೆಯಲ್ಲಿ ಎದ್ದು ಕೇಳಬಹುದು. ಬಿಟ್‌ಕಾಯಿನ್ ಜಾಲದಲ್ಲಿ ಮುಖವೂ ಇಲ್ಲ, ಸಭೆಯೂ ಇಲ್ಲ.

ಹಾಗಾದರೆ ಹೊಸದಾಗಿ ಜಾಲವನ್ನು ಸೇರುವ ಗಣಕಯಂತ್ರವು ನೆರೆಯವರನ್ನು ಹುಡುಕುವದು ಹೇಗೆ? ಸ್ವಯಂಸೇವಕರು ನಡೆಯಿಸುವ ಕೆಲವೇ ಸೂಚಕ ಕೇಂದ್ರಗಳ ಹೆಸರುಗಳನ್ನು ಅದರ ತಂತ್ರಾಂಶದಲ್ಲಿಯೇ ಬರೆದಿಟ್ಟಿರುವರು. ಯಂತ್ರವು ಅಲ್ಲಿ ಕೇಳಿ ಕೆಲವು ವಿಳಾಸಗಳನ್ನು ಪಡೆದು, ಅವರಿಂದ ಮತ್ತೆ ಕೆಲವರ ವಿಳಾಸ ತಿಳಿದು, ಸಾಮಾನ್ಯವಾಗಿ ಹತ್ತು ನೆರೆಯವರೊಡನೆ ತಾನಾಗಿ ಸಂಬಂಧ ಬೆಳೆಸುತ್ತದೆ. ಒಡೆಯನಿಲ್ಲದ ಜಾಲದ ಹೆಬ್ಬಾಗಿಲಲ್ಲಿಯೂ ಕೆಲವರು ದ್ವಾರಪಾಲಕರಿರುವರೆಂಬದು ಗಮನಿಸತಕ್ಕ ಸಂಗತಿ. ಆದರೆ ನೆರೆಯವನು ಪ್ರಾಮಾಣಿಕನೋ ಅಲ್ಲವೋ ಎಂದು ಊಹಿಸುವ ಗೋಜಿಗೇ ಈ ಯಂತ್ರವು ಹೋಗುವದಿಲ್ಲ. ಬಂದ ಪ್ರತಿಯೊಂದು ಲೆಕ್ಕವನ್ನೂ ತಾನೇ ತಾಳೆ ನೋಡುತ್ತದೆ. ಮತ್ತು ಹತ್ತೂ ಜನರು ಒಂದೇ ಓಣಿಯವರಾಗದಂತೆ ಬೇರೆ ಬೇರೆ ವಿಳಾಸ-ಸಮೂಹಗಳಿಂದ ಒಬ್ಬೊಬ್ಬರನ್ನೇ ಆರಿಸುತ್ತದೆ.

ಈ ಎಚ್ಚರದ ಅವಶ್ಯಕತೆಯು 2015ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಬೋಸ್ಟನ್ ವಿಶ್ವವಿದ್ಯಾಲಯ ಮತ್ತು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯಗಳ ಪಂಡಿತರು, ಒಂದು ಗಣಕದ ಎಲ್ಲ ನೆರೆಯವರ ಸ್ಥಾನವನ್ನೂ ಒಬ್ಬನೇ ವಂಚಕನು ಆಕ್ರಮಿಸಬಹುದೆಂದು ತೋರಿಸಿಕೊಟ್ಟರು. ಇದಕ್ಕೆ ಗ್ರಹಣವೆಂದೇ ಹೆಸರು. ಗ್ರಹಣ ಹಿಡಿದ ಗಣಕಕ್ಕೆ ಹೊರಗಿನ ನಿಜವಾದ ಖಾತೆಯು ಕಾಣುವದೇ ಇಲ್ಲ. ಅದರ ಒಡೆಯನಿಗೆ ಸಂದಾಯವಾಯಿತೆಂದು ತೋರಿಸಿದ ನಾಣ್ಯವನ್ನೇ ವಂಚಕನು ಬೇರೆಡೆ ವೆಚ್ಚಮಾಡಬಹುದು. ಸತ್ಯವಂತನಾದ ಒಬ್ಬನೇ ಒಬ್ಬ ನೆರೆಯವನು ಉಳಿದಿದ್ದರೂ ಈ ಮೋಸವು ಬಯಲಿಗೆ ಬೀಳುತ್ತದೆ.

ಇಷ್ಟೆಲ್ಲ ರಕ್ಷಣೆಯು ಸ್ವಂತ ಗಣಕವನ್ನು ಜಾಲಕ್ಕೆ ಕೂಡಿಸಿದವನಿಗೆ. ನಮ್ಮವರಲ್ಲಿ ಬಹುತೇಕರು ಜಾಲವನ್ನು ಸೇರುವದೇ ಇಲ್ಲ. ಮೊಬೈಲಿನ ಒಂದು ಆ್ಯಪಿನ ಬಾಗಿಲಲ್ಲಿ ನಿಂತು, ಅದು ತೋರಿಸಿದ ಅಂಕಿಯನ್ನೇ ನಾಣ್ಯವೆಂದು ನಂಬುವರು. ಹತ್ತು ನೆರೆಯವರ ಬದಲು ಒಬ್ಬನೇ ನೆರೆಯವ! 2024ರ ಜುಲೈದಲ್ಲಿ ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರುಗಳ ಕ್ರಿಪ್ಟೋ ನಾಣ್ಯವು ಕಳುವಾದಾಗ, ಗ್ರಾಹಕರು ಉಳಿದ ನಾಣ್ಯವನ್ನು ಸಹ ಒಂದು ವರ್ಷಕ್ಕೂ ಮಿಕ್ಕಿ ಹಿಂಪಡೆಯಲಾರದಾದರು. ಬಿಟ್‌ಕಾಯಿನ್ ಜಾಲವು ಅಂದೂ ಎಂದಿನಂತೆ ನಡೆದೇ ಇತ್ತು.

ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಗಳ ವರೆಗೆ ವಿಮೆಯಿದೆ. ಈ ನಾಣ್ಯಕ್ಕೆ ಅಂಥ ವಿಮೆಯಿಲ್ಲ. 2022ರ ಎಪ್ರಿಲ್‌ದಿಂದ ಇದರ ಲಾಭದ ಮೇಲೆ ಶೇಕಡಾ 30ರ ತೆರಿಗೆಯನ್ನು ಹೇರಿರುವ ಕೇಂದ್ರ ಸರಕಾರವು ತನ್ನ ಪಾಲಿನ ಲೆಕ್ಕವನ್ನು ಸರಿಯಾಗಿಯೇ ನೋಡಿಕೊಂಡಿದೆ. ಗ್ರಾಹಕರ ಹೆಸರಿನಲ್ಲಿ ಎಷ್ಟು ನಾಣ್ಯವಿದೆ, ನಿಜವಾಗಿ ಕೈಯಲ್ಲಿ ಎಷ್ಟಿದೆ ಎಂಬದನ್ನು ಲೆಕ್ಕ ಪರಿಶೋಧಕರ ರುಜುವಿನೊಡನೆ ಪ್ರತಿ ತಿಂಗಳು ಪ್ರಕಟಿಸುವಂತೆ ವಿನಿಮಯ ಕೇಂದ್ರಗಳನ್ನು ಕಾಯಿದೆಯಿಂದ ಬಂಧಿಸಬೇಕೆಂಬ ವಿಷಯವನ್ನು ಬೆಳಗಾವಿ ಜಿಲ್ಲೆಯ ಲೋಕಸಭಾ ಸದಸ್ಯರು ಬರುವ ಅಧಿವೇಶನದಲ್ಲಿಯೇ ಎತ್ತಬೇಕು.