ಸೋತವನಿಗೆ ಸನ್ಮಾನವೇ?



ಜೆ. ಆರ್. ಆರ್. ಟೋಲ್ಕೀನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯ ಮೂರು ಸಂಪುಟಗಳನ್ನೂ ನಾನು ಎರಡನೆಯ ಸಲ ಓದಿ ಮುಗಿಸಿದೆನೆಂಬ ಸುದ್ದಿ ಹೇಗೋ ನಿಮ್ಮಲ್ಲಿ ಹಲವರಿಗೆ ತಲುಪಿದೆ. ನನ್ನ ಸೋದರಳಿಯ ದೂರವಾಣಿಯಲ್ಲಿ, “ಮಾವ, ಈ ವಯಸ್ಸಿನಲ್ಲಿ ಉಂಗುರದ ಕಥೆಯೇ? ಅದು ಮಕ್ಕಳ ಪುಸ್ತಕವಲ್ಲವೇ?” ಎಂದು ನಕ್ಕ. ಹಳೆಯ ವಿದ್ಯಾರ್ಥಿನಿಯೊಬ್ಬಳು ಇದಕ್ಕೆ ತದ್ವಿರುದ್ಧವಾಗಿ, “ಸರ್, ಇದಕ್ಕಿಂತ ದೊಡ್ಡ ಪುಸ್ತಕ ಜಗತ್ತಿನಲ್ಲೇ ಇಲ್ಲ” ಎಂದು ಪತ್ರ ಬರೆದಿದ್ದಾಳೆ. ಇಬ್ಬರಿಗೂ ಸೇರಿಸಿ ಒಂದೇ ಉತ್ತರ ಬರೆಯುವುದು ಲೇಸೆಂದು ತೋರಿತು.

ಈ ಜಗಳ ಹೊಸತೇನಲ್ಲ, ಪುಸ್ತಕದಷ್ಟೇ ಹಳೆಯದು. ಲೇಖಕರ ಮನಸ್ಸಿನಲ್ಲಿ ಅದು ಒಂದೇ ಅಖಂಡ ಕೃತಿ. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಕಾಗದ ದುಬಾರಿಯಾಗಿದ್ದುದರಿಂದ ಪ್ರಕಾಶಕರು ಅದನ್ನು ಮೂರು ಭಾಗ ಮಾಡಿ, ಮೊದಲೆರಡನ್ನು 1954ರಲ್ಲಿಯೂ ಮೂರನೆಯದನ್ನು 1955ರಲ್ಲಿಯೂ ಹೊರತಂದರು. ಮೊದಲ ಸಂಪುಟ ಅಚ್ಚಾದದ್ದು ಕೇವಲ 3,000 ಪ್ರತಿ. ಪ್ರಕಾಶಕರ ಮಗ ರೇನರ್ ಅನ್ವಿನ್ ಇದರಿಂದ ಸಾವಿರ ಪೌಂಡು ನಷ್ಟವಾದೀತೆಂದು ತಂದೆಗೆ ಮುಂದಾಗಿಯೇ ತಿಳಿಸಿದ್ದ. ಕೃತಿ ಪ್ರತಿಭೆಯದೆಂದು ನಿನಗೆ ನಂಬಿಕೆಯಿದ್ದರೆ ಆ ಸಾವಿರವನ್ನು ಕಳೆದುಕೊಳ್ಳಬಹುದು ಎಂಬ ಅರ್ಥದ ಉತ್ತರ ತಂದೆಯಿಂದ ಬಂತು. ಅಂಥ ತಂದೆಯರೂ ಪ್ರಕಾಶಕರೂ ಎಷ್ಟು ಮಂದಿಯೋ! ಇದೇ ರೇನರ್ ಹತ್ತು ವರ್ಷದ ಬಾಲಕನಾಗಿದ್ದಾಗ ‘ದಿ ಹಾಬಿಟ್’ನ ಬೆರಳಚ್ಚು ಪ್ರತಿಯನ್ನು ಓದಿ, ಒಂದು ಶಿಲಿಂಗ್ ಸಂಭಾವನೆ ಪಡೆದು, ಪ್ರಕಟಿಸಬಹುದೆಂದು ವರದಿ ಬರೆದುಕೊಟ್ಟವನು.

ಪ್ರಕಟವಾದೊಡನೆ ಓದುಗರು ಎರಡು ಪಂಗಡವಾದರು. ಕವಿ ಡಬ್ಲ್ಯೂ. ಎಚ್. ಆಡೆನ್ ಅಮೆರಿಕದ ಪತ್ರಿಕೆಯಲ್ಲಿ ಮನಸಾರೆ ಹೊಗಳಿದರು. ಈ ಪುಸ್ತಕವನ್ನು ಮೆಚ್ಚುವವರು ಪೂರ್ಣವಾಗಿ ಮೆಚ್ಚುತ್ತಾರೆ, ಸಹಿಸದವರು ಸ್ವಲ್ಪವೂ ಸಹಿಸರು ಎಂದು 1956ರಲ್ಲಿಯೇ ಗುರುತಿಸಿದವರೂ ಅವರೇ. (ಆಡೆನ್ ಆಕ್ಸ್‌ಫರ್ಡಿನಲ್ಲಿ ಟೋಲ್ಕೀನರ ಉಪನ್ಯಾಸಗಳನ್ನು ಕೇಳಿದವರು. ಗುರುಗಳು ‘ಬೇವುಲ್ಫ್’ ಕಾವ್ಯವನ್ನು ವಾಚಿಸುತ್ತಿದ್ದ ಕಂಠವನ್ನು ದಶಕಗಳ ನಂತರವೂ ನೆನೆದು ಅವರಿಗೆ ಪತ್ರ ಬರೆದರು. ಮೇಷ್ಟರಾದವನಿಗೆ ಇದನ್ನು ಓದುವಾಗ ಸ್ವಲ್ಪ ಅಸೂಯೆಯಾಗುವುದು ಸಹಜ.) ಇತ್ತ ಎಡ್ಮಂಡ್ ವಿಲ್ಸನ್ ಎಂಬ ಘನ ವಿಮರ್ಶಕರು ಅದೇ ವರ್ಷ ‘ದಿ ನೇಷನ್’ ಪತ್ರಿಕೆಯಲ್ಲಿ, ಇದು ಹುಡುಗರಿಗಾಗಿ ಬರೆದ ಕಸವೆಂದು ತಳ್ಳಿಹಾಕಿದರು. ಇಡೀ ಕೃತಿಯನ್ನು ತಮ್ಮ ಏಳು ವರ್ಷದ ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದ್ದೇನೆಂಬುದು ಅವರ ಅರ್ಹತಾಪತ್ರ. ಆದರೆ ಕಥೆಯ ಮುಖ್ಯ ಪಾತ್ರವಾದ ಗ್ಯಾಂಡಾಲ್ಫ್‌ನ ಹೆಸರನ್ನೇ ಅವರು ಲೇಖನದುದ್ದಕ್ಕೂ ತಪ್ಪು ಕಾಗುಣಿತದಲ್ಲಿ ಬರೆದಿದ್ದಾರೆ. ಸಾವಿರ ಪುಟ ಗಟ್ಟಿಯಾಗಿ ಓದಿದವರು ಹೆಸರನ್ನಾದರೂ ಸರಿಯಾಗಿ ನೋಡಬಾರದಿತ್ತೇ? ನನ್ನ ಕೆಂಪು ಮಸಿ ಅಲ್ಲಿಯೇ ಒಂದು ಅಂಕ ಕಳೆಯುತ್ತಿತ್ತು.

ವಿಲ್ಸನ್ನರಿಗಿಂತ ಗಂಭೀರವಾದ ಆಕ್ಷೇಪಣೆ ಎಡ್ವಿನ್ ಮ್ಯೂರ್ ಅವರದು. ಇಲ್ಲಿ ಒಳ್ಳೆಯವರು ಆದಿಯಿಂದ ಅಂತ್ಯದವರೆಗೆ ಒಳ್ಳೆಯವರು, ಕೆಟ್ಟವರು ಕೆಟ್ಟವರು. ದೊಡ್ಡವರ ವೇಷ ತೊಟ್ಟ ಹುಡುಗರ ಲೋಕವಿದು ಎಂದು ಅವರು ಬರೆದರು. ಇಂದಿಗೂ ಈ ಮಾತು ಬೇರೆ ಬೇರೆ ಬಾಯಿಗಳಲ್ಲಿ ಕೇಳಿಬರುತ್ತದೆ. 1961ರಲ್ಲಿ ಫಿಲಿಪ್ ಟಾಯ್ನ್‌ಬೀ, ಸದ್ಯ ಈ ಪುಸ್ತಕಗಳನ್ನು ಜನ ಮರೆತರಲ್ಲ ಎಂದು ನೆಮ್ಮದಿಯ ಉಸಿರುಬಿಟ್ಟರು. ನಾಲ್ಕೇ ವರ್ಷಕ್ಕೆ ಅಮೆರಿಕದಲ್ಲಿ ಅಗ್ಗದ ಆವೃತ್ತಿ ಬಂದು ಕಾಲೇಜು ಹುಡುಗರ ಕೈಕೈಯಲ್ಲಿ ಅದೇ ಪುಸ್ತಕ! 1997ರಲ್ಲಿ ವಾಟರ್‌ಸ್ಟೋನ್ಸ್ ಪುಸ್ತಕ ಮಳಿಗೆಗಳು ಶತಮಾನದ ಪುಸ್ತಕ ಯಾವುದೆಂದು ಕೇಳಿದಾಗ 25,000ಕ್ಕೂ ಹೆಚ್ಚು ಓದುಗರು ಮತ ಹಾಕಿದರು. ಇದೇ ಕೃತಿ ಮೊದಲ ಸ್ಥಾನಕ್ಕೆ ಬಂದಾಗ ಸಾಹಿತ್ಯಲೋಕದ ಹಿರಿಯರಲ್ಲಿ ಹಲವರು ಹಣೆ ಚಚ್ಚಿಕೊಂಡರು. 2003ರಲ್ಲಿ ಬಿಬಿಸಿ ನಡೆಸಿದ ಮತದಾನದಲ್ಲಿಯೂ ಅದೇ ಫಲಿತಾಂಶ.

ಮತ ಎಣಿಸಿ ಪುಸ್ತಕದ ಯೋಗ್ಯತೆಯನ್ನು ತೀರ್ಮಾನಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಹಾಗೆಂದು ಮತ ಹಾಕಿದ ಅಷ್ಟು ಜನರನ್ನೂ ಬುದ್ಧಿ ಬಲಿಯದವರೆಂದು ಜರೆಯುವ ವಿಮರ್ಶಕರನ್ನೂ ನಾನು ಒಪ್ಪಲಾರೆ. ಓದುಗನ ಅಭಿಪ್ರಾಯದ ತೂಕ ಅದು ಹೊಗಳಿಕೆಯೋ ತೆಗಳಿಕೆಯೋ ಎಂಬುದರಲ್ಲಿಲ್ಲ. ಪುಸ್ತಕದ ಮರ್ಮಸ್ಥಾನವನ್ನು ಅವನು ಮುಟ್ಟಿದ್ದಾನೆಯೇ ಎಂಬುದರಲ್ಲಿದೆ. ಈ ಕೃತಿಯ ಮರ್ಮಸ್ಥಾನ ಕೊನೆಯಲ್ಲಿದೆ. ಬಹುಮಂದಿ ಅದನ್ನು ದಾಟಿ ಹೋಗಿಬಿಡುತ್ತಾರೆ.

ಕಥೆ ತಿಳಿಯದವರಿಗಾಗಿ ನಾಲ್ಕು ಮಾತು. ಧರಿಸಿದವರನ್ನು ಅಧಿಕಾರದ ದಾಹದಿಂದ ಕೆಡಿಸುವ ಉಂಗುರವೊಂದು ಫ್ರೋಡೋ ಎಂಬ ಸಾಮಾನ್ಯನ ಕೈಸೇರುತ್ತದೆ. ಅದನ್ನು ಶತ್ರುವಿನ ನಾಡಿನಲ್ಲಿರುವ ಬೆಂಕಿಯ ಬೆಟ್ಟಕ್ಕೆ ಒಯ್ದು ಎಸೆಯಬೇಕು. ಬೇರಾವ ದಾರಿಯಿಂದಲೂ ಅದು ನಾಶವಾಗದು. ಹಸಿವು, ಗಾಯ, ಭಯ ಎಲ್ಲವನ್ನೂ ಸಹಿಸಿ, ಸ್ಯಾಮ್ ಎಂಬ ಸೇವಕಮಿತ್ರನೊಡನೆ ಅವನು ತಿಂಗಳುಗಟ್ಟಲೆ ನಡೆದು, ಕೊನೆಗೆ ತೆವಳಿ, ಆ ಬೆಂಕಿಯ ಬಾಯಿಗೆ ತಲುಪುತ್ತಾನೆ. ಅಲ್ಲಿ ನಿಂತು ಉಂಗುರವನ್ನು ಎಸೆಯುವುದಿಲ್ಲ! ಇದು ನನ್ನದೆಂದು ಘೋಷಿಸಿ ಬೆರಳಿಗೆ ಹಾಕಿಕೊಳ್ಳುತ್ತಾನೆ. ಅದೇ ಉಂಗುರಕ್ಕಾಗಿ ಹುಚ್ಚನಾಗಿ ಹಿಂಬಾಲಿಸಿ ಬಂದಿದ್ದ ಗೊಲ್ಲಮ್ ಎಂಬ ಪತಿತಜೀವಿ ಆ ಬೆರಳನ್ನೇ ಕಚ್ಚಿ ಕಿತ್ತು, ಸಂತೋಷದಲ್ಲಿ ಕುಣಿಯುತ್ತ ಕಾಲುಜಾರಿ, ಉಂಗುರಸಹಿತ ಬೆಂಕಿಗೆ ಬೀಳುತ್ತಾನೆ. ಜಗತ್ತು ಉಳಿಯುತ್ತದೆ. ಈ ಗೊಲ್ಲಮ್‌ನನ್ನು ಕೊಲ್ಲುವ ಅವಕಾಶ ಮೊದಲು ಬಿಲ್ಬೋಗೆ, ಬಳಿಕ ಫ್ರೋಡೋಗೆ, ಕಟ್ಟಕಡೆಗೆ ಸ್ಯಾಮ್‌ಗೂ ಸಿಕ್ಕಿತ್ತು. ಮೂವರೂ ಕನಿಕರಿಸಿ ಬಿಟ್ಟಿದ್ದರು.

ಒಳ್ಳೆಯವರು ಕೊನೆಯವರೆಗೂ ಒಳ್ಳೆಯವರಾಗಿಯೇ ಇರುತ್ತಾರೆಂದು ಹೇಳಿದವರು ಈ ಪುಟಗಳನ್ನು ಎಲ್ಲಿಟ್ಟರೋ ತಿಳಿಯದು. ಪ್ರೀತಿಯಿಂದ ಓದಿದ ಅಭಿಮಾನಿಗಳಲ್ಲಿಯೂ ಹೆಚ್ಚಿನವರು ಇದನ್ನು ಗಮನಿಸಲಿಲ್ಲವೆಂದು ಸ್ವತಃ ಟೋಲ್ಕೀನರೇ ಪತ್ರಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಆಯ್ದ ಪತ್ರಗಳು 1981ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಕಾದಂಬರಿ ಓದಿದವರು ಅದನ್ನೂ ಓದಬೇಕೆಂಬುದು ನನ್ನ ಸಲಹೆ. ಅದರಲ್ಲಿ 1956ರ ಸುಮಾರಿನ ಒಂದು ಪ್ರಸಂಗವಿದೆ. ಫ್ರೋಡೋನಿಗೆ ರಾಜಸಭೆಯಲ್ಲಿ ಸನ್ಮಾನ ಮಾಡಿಸಿದ್ದು ತಪ್ಪು, ಅವನನ್ನು ದ್ರೋಹಿಯೆಂದು ಮರಣದಂಡನೆಗೆ ಗುರಿಪಡಿಸಬೇಕಿತ್ತು ಎಂದು ಓದುಗನೊಬ್ಬ ಲೇಖಕರಿಗೆ ಉಗ್ರವಾಗಿ ಬರೆದಿದ್ದ. ಅವನ ತೀರ್ಪನ್ನು ನಾನು ಒಪ್ಪುವುದಿಲ್ಲ. ಆದರೂ ಈ ಎಪ್ಪತ್ತು ವರ್ಷಗಳ ಅಭಿಪ್ರಾಯಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಆ ಕೋಪಿಷ್ಠನದೇ. ಅವನು ನಿಜವಾಗಿ ಓದಿದ್ದ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದ.

ಟೋಲ್ಕೀನರು 1963ರಲ್ಲಿ ಇನ್ನೊಬ್ಬ ಓದುಗರಿಗಾಗಿ ಬರೆದ ಪತ್ರದ ಕರಡಿನಲ್ಲಿ ಇದಕ್ಕೆ ಸಮಾಧಾನವಿದೆ. ಅಷ್ಟು ಕಾಲದ ಯಾತನೆಯ ನಂತರ, ಆ ಜಾಗದಲ್ಲಿ, ಉಂಗುರದ ಸೆಳೆತವನ್ನು ಎದುರಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಫ್ರೋಡೋ ತನ್ನಲ್ಲಿದ್ದುದನ್ನೆಲ್ಲ ವ್ಯಯಮಾಡಿ ಕಾರ್ಯವನ್ನು ಅಲ್ಲಿಯವರೆಗೆ ತಂದ. ಆದ್ದರಿಂದ ಗೌರವಕ್ಕೆ ಅರ್ಹ. ಅವನದು ಸೋಲು ಹೌದು, ಆದರೆ ನೈತಿಕ ಪತನವಲ್ಲ ಎಂಬುದು ಅವರ ನಿಲುವು. 1916ರಲ್ಲಿ ಸೊಮ್ಮೆಯ ಕಂದಕಗಳಲ್ಲಿದ್ದು ಬಂದು, ಆಪ್ತ ಗೆಳೆಯರನ್ನು ಆ ಯುದ್ಧದಲ್ಲಿ ಕಳೆದುಕೊಂಡ ಮನುಷ್ಯನ ಮಾತಿದು. ಮಕ್ಕಳ ಕಥೆಯೆಂದು ನಗುವವರು ಇದನ್ನು ನೆನಪಿಡಬೇಕು.

ಈ ಪ್ರಶ್ನೆ ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣವುಂಟು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಪ್ರತಿವರ್ಷ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದ ನಂತರ ಪ್ರತಿಭಾ ಪುರಸ್ಕಾರ ನಡೆಯುತ್ತಿತ್ತು. ಐದಾರು ಮೈಲಿ ನಡೆದು ಬಂದು, ಮನೆಯಲ್ಲಿ ದನಕರು ನೋಡಿಕೊಂಡು, ರಾತ್ರಿ ಲಾಂದ್ರದ ಬೆಳಕಿನಲ್ಲಿ ಓದಿ, ಗಣಿತದಲ್ಲಿ ಮೂರೋ ನಾಲ್ಕೋ ಅಂಕಕ್ಕೆ ನಪಾಸಾದ ಹುಡುಗರು ಆ ದಿನ ಶಾಲೆಯ ಕಡೆಗೆ ತಲೆಹಾಕುತ್ತಿರಲಿಲ್ಲ. ಅವರಲ್ಲಿ ಕೆಲವರನ್ನಾದರೂ ಕರೆದು ಒಂದು ಪುಸ್ತಕ ಕೊಡೋಣವೆಂದು ನಾನು ಅಧ್ಯಾಪಕರ ಸಭೆಯಲ್ಲಿ ಸೂಚಿಸಿದೆ. “ಫೇಲಾದವನಿಗೆ ಹಾರ ಹಾಕಿದರೆ ಪಾಸಾದವನಿಗೆ ಯಾವ ಬೆಲೆ ಉಳಿಯಿತು ಮೇಷ್ಟ್ರೇ?” ಎಂದು ಹಿರಿಯರೊಬ್ಬರು ಕೇಳಿದರು. ಸೂಚನೆ ಬಿದ್ದುಹೋಯಿತು. ಆ ಹಿರಿಯರ ಪ್ರಶ್ನೆ ಮತ್ತು ಇಂಗ್ಲಿಷ್ ಓದುಗನ ಪತ್ರ ಎರಡೂ ಒಂದೇ ಜಾತಿಯವು. ಅವುಗಳಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ನಪಾಸು ನಪಾಸೇ, ಅಂಕಪಟ್ಟಿಯನ್ನು ತಿದ್ದೆಂದು ನಾನೂ ಕೇಳಲಿಲ್ಲ. ಟೋಲ್ಕೀನರೂ ಫ್ರೋಡೋ ಗೆದ್ದನೆಂದು ಸುಳ್ಳು ಬರೆಯಲಿಲ್ಲ. ಸೋಲನ್ನು ಸೋಲೆಂದೇ ದಾಖಲಿಸಿ, ಅದರ ಪಕ್ಕದಲ್ಲಿಯೇ ಗೌರವವನ್ನು ಇಟ್ಟರು. ಎರಡನ್ನೂ ಒಂದೇ ಪುಟದಲ್ಲಿ ಇಡಲು ಬಲ್ಲ ಪುಸ್ತಕವನ್ನು ಅಡುಗೂಲಜ್ಜಿ ಕಥೆಯೆಂದು ಕರೆಯಲು ನನಗೆ ಮನಸ್ಸಾಗದು.

ಹಾಗಾದರೆ ದೋಷಗಳಿಲ್ಲವೇ? ಬೇಕಾದಷ್ಟಿವೆ. ಮೊದಲ ಸಂಪುಟದ ಆರಂಭ ಎತ್ತಿನಗಾಡಿಯ ವೇಗದ್ದು. ನಡುವೆ ಬರುವ ಟಾಮ್ ಬೊಂಬಡಿಲ್ ಎಂಬಾತ ಏಕೆ ಬಂದ, ಏಕೆ ಹೋದ ಎಂಬುದು ಎರಡನೆಯ ಓದಿನಲ್ಲಿಯೂ ನನಗೆ ಹೊಳೆಯಲಿಲ್ಲ. ಸ್ತ್ರೀ ಪಾತ್ರಗಳನ್ನು ಒಂದು ಕೈಬೆರಳುಗಳಲ್ಲಿ ಎಣಿಸಬಹುದು. ಎಲ್ಲಕ್ಕಿಂತ ಕಷ್ಟವಾದದ್ದು ಶತ್ರುಸೇನೆಯ ಆರ್ಕ್‌ಗಳ ವಿಷಯ. ಗೊಲ್ಲಮ್‌ಗೆ ಸಿಕ್ಕ ಕರುಣೆಯಲ್ಲಿ ಕಾಲುಪಾಲೂ ಅವಕ್ಕಿಲ್ಲ. ಅವು ಸತ್ತರೆ ಅಳುವವರೂ ಇಲ್ಲ. ಈ ಕೊರೆ ಲೇಖಕರಿಗೂ ಅರಿವಿಗೆ ಬಂದಿತ್ತು. ಆರ್ಕ್‌ಗಳ ಹುಟ್ಟು ಎಲ್ಲಿಂದ, ಅವಕ್ಕೆ ಉದ್ಧಾರವುಂಟೇ ಎಂದು ಮುಪ್ಪಿನವರೆಗೂ ತಿದ್ದಿ ತಿದ್ದಿ ಬರೆದರೂ ಅವರಿಗೆ ತೃಪ್ತಿಯಾಗಲಿಲ್ಲ. ಸೋದರಳಿಯನು ಈ ದಿಕ್ಕಿನಿಂದ ವಾದ ಹೂಡಿದ್ದರೆ ನಾನು ಅಷ್ಟು ಸುಲಭವಾಗಿ ಉತ್ತರಿಸಲಾರೆ.

“ನಮ್ಮ ಮಹಾಭಾರತದ ಮುಂದೆ ಇದೆಲ್ಲ ಯಾವ ಲೆಕ್ಕ” ಎನ್ನುವವರೂ ನಿಮ್ಮಲ್ಲಿದ್ದೀರಿ. ನಿಮಗೆ ಒಂದೇ ಮಾತು: ಬೆಟ್ಟ ದೊಡ್ಡದಾದ ಮಾತ್ರಕ್ಕೆ ಪಕ್ಕದ ಊರಿನ ಗುಡ್ಡವನ್ನು ಹತ್ತಬಾರದೆಂದಿಲ್ಲ.

ಇನ್ನು ಚಲನಚಿತ್ರ ನೋಡಿಯೇ ಅಭಿಪ್ರಾಯ ಕಟ್ಟಿಕೊಂಡವರು. 2001ರಿಂದ 2003ರವರೆಗೆ ಬಂದ ಪೀಟರ್ ಜಾಕ್ಸನ್ನರ ಮೂರು ಚಿತ್ರಗಳು ಸೊಗಸಾಗಿವೆ, ನಾನೂ ನೋಡಿದ್ದೇನೆ. ಆದರೆ ಚಿತ್ರದಲ್ಲಿ ಬೆರಳು ಕಳೆದುಕೊಂಡ ಫ್ರೋಡೋ ಮತ್ತೆ ಎದ್ದು ಗೊಲ್ಲಮ್‌ನೊಡನೆ ಸೆಣಸಾಡಿ, ಇಬ್ಬರೂ ಅಂಚಿನಿಂದ ಉರುಳುತ್ತಾರೆ. ಪುಸ್ತಕದಲ್ಲಿ ಹಾಗಿಲ್ಲ, ಅಲ್ಲಿ ಯಾರೂ ಗೊಲ್ಲಮ್‌ನನ್ನು ಬೀಳಿಸುವುದಿಲ್ಲ. ಫ್ರೋಡೋ ಊರಿಗೆ ಮರಳಿದಾಗ ಆ ಊರೇ ಹಾಳಾಗಿರುವ ಅಧ್ಯಾಯವನ್ನೂ ಚಿತ್ರದಲ್ಲಿ ಕೈಬಿಟ್ಟಿದ್ದಾರೆ. ರಾಜಸಭೆಯಲ್ಲಿ ಸನ್ಮಾನ ಪಡೆದವನಿಗೆ ತನ್ನ ಊರಿನಲ್ಲಿ ಮಾತ್ರ ಅಷ್ಟಾಗಿ ಮನ್ನಣೆ ಸಿಗುವುದಿಲ್ಲ. ಅದು ಸ್ಯಾಮ್‌ಗೆ ನೋವಿನ ವಿಷಯ. ಪ್ರತಿವರ್ಷ ಗಾಯಗೊಂಡ ದಿನ ಬಂದಾಗ ಫ್ರೋಡೋ ಕಾಯಿಲೆ ಬೀಳುತ್ತಾನೆ, ಯಾರಿಗೂ ಹೇಳುವುದಿಲ್ಲ. ಕೊನೆಗೆ ಹಡಗು ಹತ್ತಿ ಹೊರಟುಹೋಗುತ್ತಾನೆ.

ಮೂರೂ ಸಂಪುಟಗಳು ನನ್ನ ಕಪಾಟಿನಲ್ಲಿವೆ. ಊರಿಗೆ ಬಂದಾಗ ಯಾರು ಬೇಕಾದರೂ ಒಯ್ಯಬಹುದು, ಹಿಂದಿರುಗಿಸಬೇಕೆಂಬುದೊಂದೇ ಷರತ್ತು. ಸೋದರಳಿಯನಿಗೆ ಮಾತ್ರ ಮೊದಲು ಮೂರನೆಯ ಸಂಪುಟವನ್ನೇ ಕೊಡುವವನಿದ್ದೇನೆ. ಕ್ರಮ ತಪ್ಪಿತೆಂದು ವಿದ್ಯಾರ್ಥಿನಿ ಸಿಟ್ಟಾಗಬಾರದು.