ಏಳು ಮೊಳದ ದಾರಿ

ಗೆಳೆಯರ ಗುಂಪು ಕಟ್ಟಿಕೊಂಡು ಇಂಗ್ಲೆಂಡಿನ ಹಳ್ಳಿಯಿಂದ ಹಳ್ಳಿಗೆ ನಡೆದು ರಜೆ ಕಳೆಯುವುದು ಈಗ ನಮ್ಮ ಕಡೆಯವರಿಗೂ ಹೊಸತಲ್ಲ. ಲಂಡನ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ನೌಕರಿಯಲ್ಲಿರುವ ಕರಾವಳಿಯ ವೈದ್ಯರು, ಇಂಜಿನಿಯರುಗಳು ಕಾಟ್ಸ್‌ವೋಲ್ಡ್ಸ್ ಬೆಟ್ಟಸಾಲಿನಲ್ಲಿ ಮೂರು ನಾಲ್ಕು ದಿನ ನಡೆಯುತ್ತಾರೆ. ದೊಡ್ಡ ಪೆಟ್ಟಿಗೆಗಳನ್ನು ವ್ಯಾನಿನವನು ಮುಂದಿನ ಊರಿನ ವಸತಿಗೃಹಕ್ಕೆ ಮುಟ್ಟಿಸುತ್ತಾನೆ. ಇವರು ಯಾರದೋ ಗೋಧಿ ಹೊಲದ ನಡುವೆ, ಯಾರದೋ ಕುರಿಮಂದೆಯ ಪಕ್ಕದಲ್ಲಿ, ಬೇಲಿ ಎದುರಾದಲ್ಲಿ ಮರದ ಮೆಟ್ಟಿಲು ಹತ್ತಿ ಇಳಿದು ಸಾಗುತ್ತಾರೆ. ಯಾರೂ ತಡೆಯುವುದಿಲ್ಲ. ಊರಿಗೆ ಬಂದಾಗ ಚಿತ್ರಗಳನ್ನು ತೋರಿಸಿ, ದೇಶವೆಂದರೆ ಅದು ಎನ್ನುತ್ತಾರೆ. ಸಂತೋಷ. ಆದರೆ ಇವರಲ್ಲಿ ಎಷ್ಟೋ ಮಂದಿ ಊರಿನಲ್ಲಿ ಹತ್ತು ಸೆಂಟ್ಸ್ ಜಾಗ ಕೊಂಡರೆ ಮೊದಲು ಮಾಡಿಸುವ ಕೆಲಸ ಯಾವುದು? ಸುತ್ತಲೂ ಆರಡಿ ಎತ್ತರದ ಮುರಕಲ್ಲಿನ ಪಾಗಾರ! ನೆರೆಯವರು ಅಜ್ಜನ ಕಾಲದಿಂದ ನಡೆದ ಕಾಲುದಾರಿ ಆ ಪಾಗಾರದ ಬುಡದಲ್ಲಿ ಮುಗಿದುಹೋಗುತ್ತದೆ.

ತಲ್ಲೂರನ್ನೇ ತೆಗೆದುಕೊಳ್ಳಿ. ಕುಂದಾಪುರದ ಸಂಗಮ್ ದಾಟಿ, ಹೇರಿಕುದ್ರು ಹಾದರೆ ತಲ್ಲೂರು. ಮುಂದೆ ಜಾಲಾಡಿ, ಹೆಮ್ಮಾಡಿ. ಹೊಳೆ, ಕುದ್ರು, ತೆಂಗಿನ ತೋಟ, ಭತ್ತದ ಬೈಲು. ನಡೆಯುವವನಿಗೆ ಇದಕ್ಕಿಂತ ಚೆಂದದ ಸೀಮೆ ಎಲ್ಲಿದೆ? ಬೈಲಿನ ಅಂಚು, ಎರಡು ದರೆಗಳ ನಡುವಿನ ಓಣಿ, ಹಾಡಿಯ ನೆರಳು, ತೋಡಿಗೆ ಹಾಕಿದ ಕಾಲುಸಂಕ, ಇವೆಲ್ಲ ಸೇರಿಯೇ ಈ ತಾಲೂಕಿನ ಹಳ್ಳಿಗಳನ್ನು ಒಂದಕ್ಕೊಂದು ಹೊಲಿದದ್ದು. ಆ ಹೊಲಿಗೆ ಬಿಚ್ಚುತ್ತಿದೆ. ಒಳದಾರಿ ಮುಚ್ಚಿದಂತೆಲ್ಲ ನಡೆಯುವವರು ಹೆದ್ದಾರಿಗೆ ಬಂದು ಬೀಳುತ್ತಾರೆ. ಒಂದು ಕಾಲದಲ್ಲಿ 17 ಎಂದು ಕರೆಸಿಕೊಂಡು ಈಗ 66 ಆಗಿರುವ ಹೆದ್ದಾರಿ ಚತುಷ್ಪಥವಾಗಿದೆ. ಲಾರಿ, ಬಸ್ಸುಗಳ ಆ ರಭಸದ ಪಕ್ಕದಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ನಡೆಯಬೇಕು. ಗೇರುಬೀಜ ಕಾರ್ಖಾನೆಗೆ ಹೋಗುವವಳು, ಬೀಡಿ ಕಟ್ಟಿ ಬ್ರಾಂಚಿಗೆ ಕೊಡುವವಳು, ಬೆಳಗಿನ ಮದ್ರಸಕ್ಕೆ ಹೊರಟ ಮಗು, ಎಲ್ಲರೂ ಅಲ್ಲೇ.

ತಮಾಷೆಯೆಂದರೆ, ಇಂಗ್ಲೆಂಡಿನಲ್ಲಿ ಇವರು ಮೆಚ್ಚಿದ ಆ ಮರದ ಮೆಟ್ಟಿಲು ನಮ್ಮದೇ ಮಣ್ಣಿನ ಹಳೆಯ ವಸ್ತು. 1342ರ ಸುಮಾರಿಗೆ ಇಬ್ನ್ ಬತೂತಾ ಈ ಕರಾವಳಿಗೆ ಬಂದ. ಗೋವೆಯ ಕಡೆಯಿಂದ ಬರುತ್ತಾ ಮಲಬಾರಿನಲ್ಲಿ ತಾನು ಮೊದಲು ಹೊಕ್ಕ ಊರೆಂದು ಆತ ಹೇಳುವ ‘ಅಬೂ ಸರೂರ್’ ನಮ್ಮ ಬಸ್ರೂರೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ತಲ್ಲೂರಿನಿಂದ ಹೊಳೆ ದಾಟಿದರೆ ಬಸ್ರೂರು. ಗೋವೆಯಿಂದ ಕೊಲ್ಲಂವರೆಗಿನ ಎರಡು ತಿಂಗಳ ದಾರಿಯನ್ನು ಆತ ಬಣ್ಣಿಸಿದ್ದಾನೆ. ಉದ್ದಕ್ಕೂ ಮರಗಳ ನೆರಳು. ಅರ್ಧ ಮೈಲಿಗೊಂದು ಮರದ ತಂಗುಕಟ್ಟೆ, ಅದರಲ್ಲಿ ಯಾವ ಧರ್ಮದವರಾದರೂ ಕೂರಬಹುದಾದ ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಪ್ರತಿ ಮನೆಗೂ ತೋಟ, ತೋಟಕ್ಕೆ ಮರದ ಬೇಲಿ. ದಾರಿ ಹೋಗುವುದು ಆ ತೋಟಗಳ ಒಳಗಿನಿಂದಲೇ! ಬೇಲಿ ಬಂದಲ್ಲಿ ಹತ್ತಲು ಮೆಟ್ಟಿಲು, ಆಚೆಯ ತೋಟಕ್ಕೆ ಇಳಿಯಲು ಮೆಟ್ಟಿಲು. ದಣಪೆ, ತಡಮೆ, ಉಣುಗೋಲು ಎಂದು ಊರಿಗೊಂದು ಹೆಸರಿನಲ್ಲಿ ನಮ್ಮ ಅಜ್ಜಂದಿರು ಬೇಲಿಯಲ್ಲಿ ಬಿಟ್ಟ ಕಂಡಿಗಳೆಲ್ಲ ಅದೇ ಮರ್ಯಾದೆಯ ಮುಂದುವರಿಕೆ. ಜಾಗ ನನ್ನದು, ದಾರಿ ಎಲ್ಲರದು ಎಂಬುದೇ ಅದರ ಅರ್ಥ.

ಆ ಕಾಲವನ್ನು ಸುಮ್ಮನೆ ಹಾಡಿಹೊಗಳಲು ನಾವು ಸಿದ್ಧರಿಲ್ಲ. ಅದೇ ತಂಗುಕಟ್ಟೆಯಲ್ಲಿ ಮುಸ್ಲಿಮನಿಗೆ ಪಾತ್ರೆಯಲ್ಲಿ ನೀರು ಕೊಡುತ್ತಿರಲಿಲ್ಲ, ಬೊಗಸೆಗೆ ಹೊಯ್ಯುತ್ತಿದ್ದರು ಎಂದೂ ಇಬ್ನ್ ಬತೂತಾ ಬರೆದಿದ್ದಾನೆ. ಕೇರಳದ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ನಡೆಯುವ ಹಕ್ಕಿಗಾಗಿ 1924ರಲ್ಲಿ ಸತ್ಯಾಗ್ರಹವೇ ನಡೆಯಬೇಕಾಯಿತು. ದಾರಿ ಯಾರದು ಎಂಬ ಪ್ರಶ್ನೆ ಈ ನೆಲದಲ್ಲಿ ಎಂದೂ ಸಣ್ಣದಾಗಿರಲಿಲ್ಲ.

ಇಂಗ್ಲೆಂಡಿಗಾದರೂ ಅದು ಪುಕ್ಕಟೆ ಸಿಕ್ಕಿತೇ? 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯ ನೂರಾರು ಮಂದಿ, ಹೆಚ್ಚಿನವರು ಯುವ ಕಾರ್ಮಿಕರು, ಶ್ರೀಮಂತರು ಬೇಟೆಗೆಂದು ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದರು. ಐವರು ಜೈಲಿಗೆ ಹೋದರು. 1949ರಲ್ಲಿ ಬಂದ ಕಾನೂನು ಪ್ರತಿ ಪ್ರದೇಶದ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡುವುದನ್ನು ಸ್ಥಳೀಯ ಆಡಳಿತದ ಹೊಣೆಯಾಗಿಸಿತು. 2000ದ ಕಾನೂನು ಬೆಟ್ಟ, ಬಯಲುಗಳಲ್ಲಿ ತಿರುಗಾಡುವ ಹಕ್ಕು ಕೊಟ್ಟಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ದಾರಿಗಳು ಈಗ ಸುಮಾರು 2,25,000 ಕಿಲೋಮೀಟರ್. ಇಷ್ಟಾದರೂ, 2021ರ ಕ್ರಿಸ್‌ಮಸ್ ದಿನ ಅದೇ ಸೀಮೆಯ ಮ್ಯಾಮ್ ಟಾರ್ ಬೆಟ್ಟಕ್ಕೆ ‘ಮುಸ್ಲಿಂ ಹೈಕರ್ಸ್’ ಬಳಗದವರು ನಡೆದುಹೋದಾಗ ಜಾಲತಾಣಗಳಲ್ಲಿ ಬೈಗುಳದ ಸುರಿಮಳೆಯಾಯಿತು. ಅವರು ನಡೆಯುವುದನ್ನು ನಿಲ್ಲಿಸಲಿಲ್ಲ, ಆ ಮಾತು ಬೇರೆ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ಬ್ರಿಟಿಷರೇ ಮಾಡಿಟ್ಟ 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಪ್ರಕಾರ, 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ಹಕ್ಕಿನಿಂದ ನಡೆದ ದಾರಿಯನ್ನು ಮುಚ್ಚುವಂತಿಲ್ಲ. ಆದರೆ ಅದನ್ನು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕಾದವನು ದಾರಿ ಕಳೆದುಕೊಂಡವನು! ಕೂಲಿ ಮಾಡಿ ಬದುಕುವವನು ವಕೀಲರ ಫೀಸು ಕೊಟ್ಟು, ವಾಯಿದೆಯಿಂದ ವಾಯಿದೆಗೆ ಓಡಾಡಿ, ಪಾಗಾರ ಕಟ್ಟಿಸಿದ ಧನಿಕನ ಎದುರು ನಿಲ್ಲುತ್ತಾನೆಯೇ? ಸುತ್ತು ಬಳಸಿ ನಡೆಯುತ್ತಾನೆ, ಅಷ್ಟೆ. ಅಲ್ಲಿ ಹೊಣೆ ಆಡಳಿತದ್ದು, ಇಲ್ಲಿ ಬಡವನದ್ದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪಾದಚಾರಿಗಳು ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ಒಳ್ಳೆಯದೇ. ಆದರೆ ಹಳ್ಳಿಯಲ್ಲಿ ಫುಟ್‌ಪಾತ್ ಎಂದರೆ ಗದ್ದೆಯ ಅಂಚು ಮತ್ತು ಕಾಲುಸಂಕ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಕಾಲುದಾರಿಯೆಂದರೆ ರಜೆಯ ಮಾತಲ್ಲ ಎಂದು ಇನ್ನು ಯಾರು ಹೇಳಬೇಕು?

ನಮ್ಮ ಸಮುದಾಯದವರಿಗೆ ಇನ್ನೊಂದು ಮಾತಿದೆ. ಗಲ್ಫ್ ಹಣದಿಂದೆದ್ದ ಪಾಗಾರಗಳು ಕಡಿಮೆಯೇನಲ್ಲ. ದಾರಿಯಲ್ಲಿ ಬಿದ್ದ ಮುಳ್ಳು, ಕಲ್ಲುಗಳನ್ನು ಸರಿಸುವುದು ಸತ್ಕರ್ಮ, ಅದು ವಿಶ್ವಾಸದ ಒಂದು ಶಾಖೆ ಎಂದು ಪ್ರವಾದಿ(ಸ) ಕಲಿಸಿದ್ದನ್ನು ನಾವು ಮದ್ರಸದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದೇ ಪ್ರವಾದಿ(ಸ) ದಾರಿಯ ಬಗ್ಗೆ ತಂಟೆ ಬಂದಾಗ ಏಳು ಮೊಳ ಅಗಲ ಬಿಡಬೇಕೆಂದು ತೀರ್ಪಿತ್ತರೆಂದು ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಏಳು ಮೊಳವೆಂದರೆ ಹತ್ತು ಅಡಿಗೂ ಮಿಕ್ಕಿತು. ಅಷ್ಟು ಬೇಡ, ಒಂದು ಶವಪೆಟ್ಟಿಗೆ ಹಾದುಹೋಗುವಷ್ಟಾದರೂ ಬಿಟ್ಟವರು ಎಷ್ಟು ಮಂದಿ? ಹಾದಿಯ ಕಲ್ಲು ಎತ್ತಿದರೆ ಪುಣ್ಯವಾದರೆ, ಹಾದಿಗೇ ಸಾವಿರ ಕಲ್ಲು ಪೇರಿಸುವುದು ಏನು?

ಕಳ್ಳರ ಭಯ ಎನ್ನುತ್ತಾರೆ. ಜನ ನಡೆಯುವ ದಾರಿಯಲ್ಲಿ ಕಳ್ಳ ಅಡಗುವುದಿಲ್ಲ. ತೋಟಗಳ ಮಧ್ಯೆ ಹಾದ ಆ ದಾರಿಯಷ್ಟು ಸುರಕ್ಷಿತವಾದುದನ್ನು ಕಂಡಿಲ್ಲವೆಂದು, ದೇಶದೇಶ ಸುತ್ತಿದ ಇಬ್ನ್ ಬತೂತಾನೇ ಹೇಳಿದ್ದಾನೆ. ಮನೆಯ ಹೆಂಗಸರ ಮರೆಗಾಗಿ ಎನ್ನುತ್ತಾರೆ. ಮರೆಗೆ ದಾಸವಾಳದ ಬೇಲಿ ಸಾಕು. ಮತ್ತು ದಾರಿ ಮುಚ್ಚಿದ್ದರಿಂದ ಹೆದ್ದಾರಿಯಲ್ಲಿ ನಡೆಯುವ ಹೆಂಗಸಿನ ಮರೆ ಯಾರ ಲೆಕ್ಕ? ನಿಜವಾದ ಕಾರಣ ಸೆಂಟ್ಸಿನ ದರ. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಗ್ರಾಮಸಭೆಗೆ ಹೋದಾಗ ಬೀದಿದೀಪ ಕೇಳುತ್ತೇವೆ, ಕಾಂಕ್ರೀಟು ರಸ್ತೆ ಕೇಳುತ್ತೇವೆ. ಒಮ್ಮೆ ಗ್ರಾಮ ನಕ್ಷೆ ಬಿಡಿಸಿಡಿ ಎಂದು ಕೇಳೋಣ. ಅದರಲ್ಲಿ ಚುಕ್ಕಿಗೆರೆಯಲ್ಲಿ ಕಾಣುವ ಕಾಲುದಾರಿ, ಬಂಡಿದಾರಿಗಳಲ್ಲಿ ಯಾವುದು ಉಳಿದಿದೆ, ಯಾವುದರ ಮೇಲೆ ಪಾಗಾರ ಎದ್ದಿದೆ ಎಂದು ಹಿರಿಯರನ್ನು ಜೊತೆಗೆ ಕರೆದುಕೊಂಡು ನಡೆದೇ ನೋಡೋಣ. ನಕ್ಷೆಗೆ ಬಾರದ ದಾರಿಗಳನ್ನೂ ಪಂಚಾಯತಿ ಬರೆದಿಡಲಿ. ಇಂಗ್ಲೆಂಡಿನಿಂದ ರಜೆಗೆ ಬಂದವರು ನಡೆಯುವುದರಲ್ಲಿ ನುರಿತವರು, ಅವರೂ ಬರಲಿ. ಮಸೀದಿ ಕಮಿಟಿಗಳು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮದ್ರಸದ ಹಿಂದಿನ ಗೋಡೆಯಲ್ಲಿ ಊರವರು ನಡೆಯಲು ಒಂದು ಸಣ್ಣ ಗೇಟು ಇಡಿಸಿ, ಅದಕ್ಕೆ ಬೀಗ ಹಾಕದಿದ್ದರಾಯಿತು.