ಮನೆ ಎಲ್ಲಿ ಮಾಡುವಿರಿ?



ಸಂಘದ ವಾರ್ಷಿಕೋತ್ಸವದ ದಿನ ತರುಣಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಅಂಕಲ್, ದಾದರಿನ ಪಗಡಿ ಖೋಲಿ ಮಾರಿ ಡೊಂಬಿವಲಿಯಲ್ಲಿ ಫ್ಲ್ಯಾಟು ತಗೊಳ್ಳೋಣ ಅಂತ ನಾನು. ಅಪ್ಪ ಊರಿಗೇ ಹೋಗ್ತೇನೆ ಅಂತಾರೆ. ಅಮ್ಮ ದಾದರ್ ಬಿಡೋದಿಲ್ಲ. ಏನು ಮಾಡ್ಲಿ?" ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಲ್ಲೇ ಉತ್ತರಿಸುವ ಪ್ರಶ್ನೆ ಅದಲ್ಲ.

ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ಇಂಥ ಆಯ್ಕೆಯೇ ಇರಲಿಲ್ಲ. ಕೋಟೆಯ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಹೋಟೆಲು ಮುಚ್ಚಿದ ಮೇಲೆ ಅಲ್ಲೇ ಚಾಪೆ ಬಿಡಿಸಿದವರು ಅವರು. ಮದುವೆಯಾದ ಮೇಲೆ ಚಾಳಿನ ಖೋಲಿ. ಮಕ್ಕಳು ಬೆಳೆದಂತೆ ಮುಲುಂಡ್, ಬೊರಿವಲಿ, ಡೊಂಬಿವಲಿ, ವಸಾಯಿ. ಲೋಕಲ್ ಹೋದಲ್ಲಿಗೆ ಕನ್ನಡಿಗ ಹೋದ. ಅವನ ಹಿಂದೆಯೇ ಶನಿಪೂಜೆ, ಯಕ್ಷಗಾನ, ಸಂಘ.

ನಾನೂ ಹದಿನೆಂಟು ವರ್ಷ ಡೊಂಬಿವಲಿಯಿಂದ ವಿ.ಟಿ.ಗೆ (ಹೆಸರು ಬದಲಾದರೂ ನಮ್ಮ ಬಾಯಲ್ಲಿ ಅದು ವಿ.ಟಿ.ಯೇ) ಓಡಾಡಿದವನು. 48 ಕಿಲೋಮೀಟರು, ಫಾಸ್ಟ್ ಲೋಕಲಿಗೂ ಒಂದು ಗಂಟೆಯ ಮೇಲೆ. ಮನೆ ಬಿಡುವಾಗ ಮಕ್ಕಳು ಮಲಗಿರುತ್ತಿದ್ದರು, ಬರುವಾಗಲೂ ಮಲಗಿರುತ್ತಿದ್ದರು. ಮಗನಿಗೆ ಕನ್ನಡ ಓದಲು ಬರುವುದಿಲ್ಲವೆಂದು ಈಗ ಸಭೆಗಳಲ್ಲಿ ಮರುಗುತ್ತೇನೆ. ಕಲಿಸಲು ನಾನು ಮನೆಯಲ್ಲಿದ್ದದ್ದು ಯಾವಾಗ? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ ಸುರಿದಾಗ ನಾನು ಮನೆ ಮುಟ್ಟಿದ್ದು ಮರುದಿನ ಸಂಜೆ. ಆದ್ದರಿಂದ, ಬಿಲ್ಡರನ 'ಸ್ಟೇಷನ್ನಿನಿಂದ ಐದೇ ನಿಮಿಷ'ವನ್ನು ನಂಬಬೇಡಿ. ಮಳೆಗಾಲದ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಆ ಕಟ್ಟಡದ ಬಾಗಿಲಿನಿಂದ ಆಫೀಸಿನವರೆಗೆ ನೀವೇ ಹೋಗಿ ನೋಡಿ.

ಪಗಡಿಯ ವಿಷಯದಲ್ಲೂ ಅವಸರ ಬೇಡ. ಖೋಲಿ ನಿಮ್ಮದಲ್ಲ, ಬಾಡಿಗೆಯ ಹಕ್ಕಷ್ಟೇ ನಿಮ್ಮದು. ಕೈ ಬದಲಾಗುವಾಗ ಮಾಲೀಕನಿಗೂ ಪಾಲು ಹೋಗುತ್ತದೆ. ಕಟ್ಟಡ ಪುನರ್ನಿರ್ಮಾಣಕ್ಕೆ ಹೋದರೆ ಖೋಲಿಯವರಿಗೆ ಸ್ವಂತ ಮನೆ ಸಿಗುವುದುಂಟು. ಅದಕ್ಕಾಗಿ ವರ್ಷಗಟ್ಟಲೆ ಕಾದು ಕುಳಿತವರೂ ಇದ್ದಾರೆ.

ಇನ್ನು ಊರು. ನಿಮಗೆ ಗೊತ್ತಿರುವುದು ಮೇ ತಿಂಗಳ ಊರು: ಹಲಸಿನ ಹಣ್ಣು, ಅಜ್ಜಿ, ಮದುವೆಯ ಊಟ. ಆಟಿಯ ಮಳೆಯಲ್ಲಿ ಕರೆಂಟಿಲ್ಲದ ಊರನ್ನು ನೀವು ನೋಡಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ದಾರಿ ಹತ್ತಿರವಾಯಿತು, ನಿಜ. ಮಧ್ಯಾಹ್ನ ಮತ್ಸ್ಯಗಂಧಾ ಹತ್ತಿದರೆ ಬೆಳಗಿಗೆ ಉಡುಪಿ. ಆದರೆ ಎಪ್ಪತ್ತರ ಅಪ್ಪನಿಗೆ ನಡುರಾತ್ರಿ ಎದೆನೋವು ಬಂದರೆ ಆಸ್ಪತ್ರೆಗೆ ಒಯ್ಯುವವರು ಯಾರು? ಅಲ್ಲಿಯ ಹುಡುಗರೂ ಬೆಂಗಳೂರು, ದುಬೈ ಸೇರಿದ್ದಾರೆ.

ಆ ಹುಡುಗಿಗೆ ನಾನು ಹೇಳಿದ್ದಿಷ್ಟು: "ಈಗಲೇ ಮಾರಬೇಡಮ್ಮ. ಅಪ್ಪ ಅಮ್ಮ ಒಂದು ಮಳೆಗಾಲ ಊರಲ್ಲಿದ್ದು ನೋಡಲಿ. ಅಷ್ಟರಲ್ಲಿ ನೀನು ಡೊಂಬಿವಲಿಯಲ್ಲಿ ಬಾಡಿಗೆಗಿದ್ದು ಓಡಾಡಿ ನೋಡು. ಅದಿರಲಿ, ಅಮ್ಮನಿಗೆ ದಾದರ್ ಯಾಕೆ ಬೇಕು ಅಂತ ಕೇಳಿದ್ದೀಯಾ?"

ಕೇಳಿರಲಿಲ್ಲವಂತೆ. ತಟ್ಟೆ ಕೆಳಗಿಟ್ಟು, ಅಮ್ಮ ಕುಳಿತಿದ್ದ ಕಡೆಗೆ ಹೋದಳು.